ಜಗಲಿಯ ಮುಂದಿನ ನಿಲ್ದಾಣ

ಬರೆದುಬಿಡಲೇ? ಒಂದೇ ಸಾಲು. ‘ಇಲ್ಲಿನವರು ಬಸ್ಸು ಹತ್ತುವುದು ಈ ಫಲಕದ ಬಳಿಯಲ್ಲ, ಅರವತ್ತು ಹೆಜ್ಜೆ ಮುಂದೆ, ನಲ್ಲಿಯ ಹತ್ತಿರ.’ ಇಷ್ಟು ಬರೆದರೆ ಸಾಕು. ಆದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ನನ್ನ ಮನೆ ಅಲ್ಲೇ ಎನ್ನಬೇಕಾಗುತ್ತದೆ. ಓಹೋ, ನಿಮ್ಮ ಕೇರಿಗೋಸ್ಕರವೇ ಎಂದು ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ಅನ್ನದೆಯೇ ಆ ಮಾತು ಮೇಜಿನಿಂದ ಮೇಜಿಗೆ ಹೋಗುತ್ತದೆ. ಡ್ರೈವರು ಆಂಜಿನಯ್ಯನಿಗೂ ಮೆಮೊ ಬರುತ್ತದೆ, ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿದ್ದಕ್ಕೆ. ಹಾಗಾದರೆ ಬೇಡವೇ? ಬರೆಯದಿದ್ದರೆ ತಾನೆ ಏನಾಗುತ್ತದೆ? ಇಂಥ ಎಷ್ಟೋ ಹಾಳೆಗಳು ಬೀರು ಸೇರಿ ಅಲ್ಲೇ ಹಳದಿಯಾಗಿವೆ.

ಲಕ್ಷ್ಮಯ್ಯ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದ. ೧೯೮೧ರ ನವೆಂಬರ್ ತಿಂಗಳು. ನಗರದ ಬಸ್ಸುಗಳ ಕಚೇರಿಯಲ್ಲಿ ಅವನು ಗುಮಾಸ್ತ. ಇಪ್ಪತ್ತೆರಡು ವರ್ಷದ ಸರ್ವಿಸು, ಒಂದು ಸಲವೂ ಯಾರಿಂದಲೂ ಮಾತು ಕೇಳಿದವನಲ್ಲ. ಜನ ಹತ್ತದ ಮಾರ್ಗಗಳನ್ನು ಮೊಟಕು ಮಾಡಬೇಕೆಂದು ಕಚೇರಿ ಎಣಿಕೆ ನಡೆಸಿತ್ತು. ದಿನಗೂಲಿಯ ಇಬ್ಬರು ಮೂರು ದಿನ ನಿಲ್ದಾಣದಲ್ಲಿ ಕೂತು, ಹತ್ತಿದವರಿಗೆಲ್ಲ ಒಂದೊಂದು ಗೀಟು ಎಳೆದು ಹಾಳೆ ತಂದುಕೊಟ್ಟಿದ್ದರು. ಗೀಟುಗಳನ್ನು ಕೂಡಿಸುವುದು ಲಕ್ಷ್ಮಯ್ಯನ ಕೆಲಸ. ಕಟ್ಟೆಬೀದಿ: ದಿನಕ್ಕೆ ಆರು ಜನ. ಅದರ ಪಕ್ಕದಲ್ಲಿ ಷರಾ ಎಂಬ ಅಂಕಣ, ಹೇಳಬೇಕಾದ್ದು ಏನಾದರೂ ಇದ್ದರೆ ಹೇಳುವುದಕ್ಕೆ.

ಆ ಇಬ್ಬರು ಸುಳ್ಳು ಬರೆದಿರಲಿಲ್ಲ. ನಲ್ಲಿ ಇರುವುದು ರಸ್ತೆಯ ತಿರುವಿನಾಚೆ. ಫಲಕದ ಕೆಳಗೆ ಕೂತವರಿಗೆ ಅದು ಕಾಣುವುದಿಲ್ಲ.

ಊಟದ ಹೊತ್ತಾಯಿತು. ಪಕ್ಕದ ಮೇಜಿನ ವರದರಾಜ ಡಬ್ಬಿ ಹಿಡಿದು ಎದ್ದು, ಬರಲ್ವೇನ್ರೀ ಎಂದು ಕರೆದ. ಲಕ್ಷ್ಮಯ್ಯ ಷರಾದ ಜಾಗವನ್ನು ಹಾಗೇ ಬಿಟ್ಟು, ಹಾಳೆಗಳಿಗೆ ದಾರ ಕಟ್ಟಿ, ಮೇಲಧಿಕಾರಿ ಚಕ್ರಪಾಣಿಯವರ ಮೇಜಿನ ಮೇಲಿಟ್ಟು ಊಟಕ್ಕೆ ಹೋದ.

ಕಟ್ಟೆಬೀದಿ ಎಂದರೆ ಬಿನ್ನಿಪೇಟೆಯ ಹಿಂದೆ, ರೈಲು ಹಳಿಗೂ ದೊಡ್ಡ ಮೋರಿಗೂ ನಡುವೆ ನಾಲ್ಕು ಸಾಲು ಮನೆಗಳು. ಅದರಾಚೆ ದಾರಿಯಿಲ್ಲ. ಬಸ್ಸು ಅಲ್ಲಿಗೆ ಬಂದು, ತಿರುಗಿ, ಓಕಳಿಪುರದ ಮೇಲೆ ಮಲ್ಲೇಶ್ವರಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಮೊದಲ ಬಸ್ಸು ಆರೂ ಹತ್ತಕ್ಕೆ. ಮಂಜಿನ ದಿನಗಳಲ್ಲಿ ಬಸ್ಸಿಗಿಂತ ಮೊದಲು ಅದರ ಬೆಳಕು ಬರುತ್ತಿತ್ತು. ಲಕ್ಷ್ಮಯ್ಯನ ಮನೆಯ ಕಿಟಕಿಯಿಂದ ಒಳಗೆ ಬಿದ್ದು, ಒಲೆಯ ಮೇಲಿನ ಗೋಡೆಯಿಂದ ನೆಲುವಿಗೆ, ನೆಲುವಿನಿಂದ ಬುದ್ಧನ ಪಟಕ್ಕೆ ಮೆಲ್ಲಗೆ ನಡೆದು ಹೋಗಿಬಿಡುತ್ತಿತ್ತು. ಲಕ್ಷ್ಮಯ್ಯನ ತಾಯಿ ಸಿದ್ದಮ್ಮ ಮೂಲೆಯಲ್ಲಿ ಮಲಗಿದ್ದಲ್ಲಿಂದಲೇ ಅದನ್ನು ನೋಡುತ್ತಿದ್ದಳು. ಎಚ್ಚರದಲ್ಲಿ ನೋಡಿದ್ದೋ ಕನಸಿನಲ್ಲೋ ಅವಳಿಗೇ ಖಾತ್ರಿಯಿಲ್ಲ. ಒಮ್ಮೊಮ್ಮೆ ಆ ಬಸ್ಸಿನಲ್ಲಿ ಸತ್ತವರೆಲ್ಲ ಕೂತಿದ್ದರು, ಯಾರೂ ಟಿಕೀಟು ತೆಗೆದುಕೊಂಡಿರಲಿಲ್ಲ, ಕಂಡಕ್ಟರು ಕೇಳಲೂ ಇಲ್ಲ ಎಂದು ಬೆಳಿಗ್ಗೆ ಸೊಸೆಗೆ ಹೇಳುತ್ತಿದ್ದಳು. ಸೊಸೆ ಕಮಲಮ್ಮ ಒಲೆ ಊದುತ್ತ, ನಿಮ್ಮ ಕನಸಲ್ಲಾದ್ರೂ ಜಾಗ ಸಿಗ್ತಲ್ಲ ಅತ್ತೆ, ನಮಗೆ ನಿಂತೇ ಹೋಗಬೇಕು ಎನ್ನುತ್ತಿದ್ದಳು.

ಫಲಕ ನೆಟ್ಟಿದ್ದು ಸಾರಾಯಿ ಅಂಗಡಿಯ ಜಗಲಿಯ ಮುಂದೆ. ಬಸ್ಸು ತಿರುಗಲು ಅಗಲವಿದ್ದದ್ದು ಅಲ್ಲೇ. ಆದರೆ ಆ ಜಗಲಿಯ ಮುಂದೆ ಕಟ್ಟೆಬೀದಿಯ ಹೆಂಗಸರು ಕಾಲೂರುವುದಿಲ್ಲ. ೧೯೫೭ರಲ್ಲಿ ಸಿದ್ದಮ್ಮನ ಗಂಡ ದೇವಯ್ಯ, ಮಿಲ್ಲಿನಲ್ಲಿ ನೂಲು ಎಳೆಯುತ್ತಿದ್ದವನು, ಕುಡಿದು ಆ ಜಗಲಿಯ ಮೇಲೇ ಸತ್ತಿದ್ದ. ಅದೇ ವರ್ಷ ಕೇರಿ ಬುದ್ಧನ ಪಟ ತಂದು ಸಿದ್ದಮ್ಮನ ಮನೆಯಲ್ಲಿ ಇಟ್ಟುಕೊಂಡಿತು. ಮೊದಲ ಹುಣ್ಣಿಮೆಯ ದಿನ ಸಿದ್ದಮ್ಮ ಇನ್ನು ಹತ್ತು ಹೆಂಗಸರನ್ನು ಕೂಡಿಸಿಕೊಂಡು ಪಟದ ಮುಂದೆ ಮಾತು ಕೊಟ್ಟಳು: ಆ ಅಂಗಡಿಯ ಮುಂದೆ ಕಾಲಿಡುವುದಿಲ್ಲ, ಮಳೆ ಬಂದರೂ ಅದರ ಸೂರಿನಡಿ ನಿಲ್ಲುವುದಿಲ್ಲ. ಆ ಹನ್ನೊಂದು ಮಂದಿಯಲ್ಲಿ ಈಗ ಉಳಿದವರು ಸಿದ್ದಮ್ಮ, ನಾರಾಯಣಮ್ಮ, ಸುಬ್ಬಮ್ಮ ಮೂವರೇ. ಮಾತು ಮಾತ್ರ ಹೆಣ್ಣುಮಕ್ಕಳಿಗೂ ಸೊಸೆಯಂದಿರಿಗೂ ಬಂದಿತ್ತು. ೧೯೬೪ರಲ್ಲಿ ಕೇರಿಗೆ ಬಸ್ಸು ಬಂದಾಗ ಅವರೆಲ್ಲ ರಸ್ತೆಯ ಆ ಬದಿ ಹಿಡಿದು ಮುಂದೆ ನಡೆದು ನಲ್ಲಿಯ ಬಳಿ ನಿಂತರು. ಹೆಂಗಸರು ನಿಂತಲ್ಲೇ ಗಂಡಸರೂ ನಿಂತರು. ಡ್ರೈವರು ಆಂಜಿನಯ್ಯ ಅದೇ ಕೇರಿಯವನು. ಯಾರನ್ನೂ ಕೇಳದೆ ಅಲ್ಲಿ ಬ್ರೇಕು ಹಾಕಿದ. ಕಂಡಕ್ಟರು ಓಕಳಿಪುರದಿಂದ ಹತ್ತಿದಂತೆ ಟಿಕೀಟು ಕೊಟ್ಟ. ಹದಿನೇಳು ವರ್ಷ ಹೀಗೇ ನಡೆದು, ಅದು ತಪ್ಪೆಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ಡಿಸೆಂಬರ್ ಎರಡನೇ ವಾರ ಬಸ್ಸಿನೊಳಗೇ ಒಂದು ಕಾಗದ ಅಂಟಿಸಿದ್ದರು. ಲಕ್ಷ್ಮಯ್ಯನ ಮಗಳು ಗೌತಮಿ ಅದನ್ನು ನೋಡಿಕೊಂಡು ಬಂದಳು. ಅವಳಿಗೆ ಹತ್ತೊಂಬತ್ತು, ಮಲ್ಲೇಶ್ವರದಲ್ಲಿ ಟೀಚರ್ ಟ್ರೈನಿಂಗ್ ಎರಡನೇ ವರ್ಷ. ಏಳು ಗಂಟೆಗೆ ತರಗತಿ ಶುರು. ಅಂದು ಮುದ್ದೆ, ಹುರುಳಿಕಾಳಿನ ಸಾರು. ತಟ್ಟೆಗಳ ಮುಂದೆ ಎಲ್ಲರೂ ಕೂತ ಮೇಲೆ ಹೇಳಿದಳು.

“ಫೆಬ್ರವರಿ ಒಂದರಿಂದ ಬಸ್ಸು ಓಕಳಿಪುರದಲ್ಲೇ ತಿರುಗುತ್ತಂತೆ. ಇಲ್ಲಿಗೆ ಬರಲ್ವಂತೆ.”

ಕಮಲಮ್ಮ ಸಾರಿನ ಸೌಟು ಹಿಡಿದುಕೊಂಡೇ ಗಂಡನ ಕಡೆ ನೋಡಿದಳು. “ನಿಮ್ಮ ಆಫೀಸಿನ ಕೆಲಸ ತಾನೆ? ನಿಮಗೆ ಗೊತ್ತಿರಲಿಲ್ವಾ?”

“ಅದು ನನ್ನ ಟೇಬಲ್ಲಿಗೆ ಬರಲ್ಲ,” ಎಂದ ಲಕ್ಷ್ಮಯ್ಯ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ತುತ್ತು ಬಾಯಿಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಓಕಳಿಪುರಕ್ಕೆ ಹಳಿಯ ಪಕ್ಕದಲ್ಲೇ ಒಂದೂವರೆ ಮೈಲಿ ನಡೆಯಬೇಕು. ಬೆಳಗಿನ ಐದೂವರೆಗೆ ಅಲ್ಲಿ ದೀಪವಿಲ್ಲ. ಹಿಂದಿನ ವರ್ಷ ಆ ದಾರಿಯಲ್ಲಿ ಯಾರೋ ಸುಬ್ಬಮ್ಮನ ಮೊಮ್ಮಗಳ ಕೈಹಿಡಿದು ಎಳೆದಿದ್ದರು. ಆ ಹುಡುಗಿ ಆಮೇಲೆ ಮನೆ ಬಿಟ್ಟು ಹೊರಗೆ ಹೋಗಲಿಲ್ಲ, ಮೂರು ತಿಂಗಳಲ್ಲಿ ಮದುವೆಯಾಯಿತು. ಅದನ್ನು ಯಾರೂ ಆ ಹೊತ್ತಿಗೆ ಎತ್ತಲಿಲ್ಲ. ಕಮಲಮ್ಮ ಮಾತ್ರ, ಬಸ್ಸು ನಿಂತರೆ ಓದೂ ನಿಲ್ಲಿಸಬೇಕಾಗುತ್ತೆ, ನಾನು ಆ ದಾರೀಲಿ ಕಳಿಸಲ್ಲ ಎಂದಳು.

“ಇನ್ನು ನಾಲ್ಕು ತಿಂಗಳು ಅಮ್ಮ. ಏಪ್ರಿಲ್‌ನಲ್ಲಿ ಪರೀಕ್ಷೆ.”

“ನಾಲ್ಕು ದಿನಾನೂ ಕಳಿಸಲ್ಲ.”

“ನಾನು ಅರ್ಜಿ ಬರೀತೀನಿ.”

“ಬರಿ. ಬರಿಯೋಕೆ ತಾನೆ ಓದಿಸಿದ್ದು,” ಎಂದಳು ಸಿದ್ದಮ್ಮ ಮೂಲೆಯಿಂದ.

ಗೌತಮಿ ನಾಲ್ಕು ದಿನ ಮನೆಮನೆಗೆ ಹೋದಳು. ರುಜು ಬಂದವರು ರುಜು ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ನಾರಾಯಣಮ್ಮ ಶಾಯಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಇದಕ್ಕೆ ಮುಂಚೆ ಹೆಬ್ಬೆಟ್ಟು ಒತ್ತಿದ್ದು ರೇಷನ್ ಕಾರ್ಡಿಗೆ, ಆ ಅಕ್ಕಿ ಇನ್ನೂ ಸರಿಯಾಗಿ ಬರ್ತಿಲ್ಲ ನೋಡು ಎಂದಳಂತೆ. ಒಟ್ಟು ಇನ್ನೂರ ಹನ್ನೆರಡು ಜನ. ಕೊನೆಗೆ ಗೌತಮಿ ಅರ್ಜಿಯನ್ನು ಅಪ್ಪನ ಮುಂದೆ ಹಿಡಿದಳು. ಸರ್ಕಾರಿ ನೌಕರರು ಇಂಥದಕ್ಕೆ ರುಜು ಹಾಕುವಂತಿಲ್ಲ ಎಂದ ಲಕ್ಷ್ಮಯ್ಯ. ಆಗಲಿ ಎಂದು ಅವಳು ಕಾಗದ ಮಡಿಸಿಕೊಂಡಳು. ಅದರಲ್ಲಿ ಎರಡು ಕಡೆ ಕಾಗುಣಿತ ತಪ್ಪಿದ್ದನ್ನು ಅವನು ಕಂಡಿದ್ದ. ತಿದ್ದೆಂದು ಹೇಳಲು ಹೋಗಿ ಸುಮ್ಮನಾದ.

ಸಂಜೆ ಕೇರಿಯ ನಾಲ್ಕು ಜನ ಮನೆಗೆ ಬಂದು ಬಾಗಿಲಲ್ಲಿ ನಿಂತರು. ನೀವು ಒಳಗಿರೋರು, ಒಂದು ಮಾತು ಹೇಳಿ ಎಂದು ಕೇಳಿಕೊಂಡರು. ನೋಡ್ತೀನಿ ಎಂದ. ಕಮಲಮ್ಮ ಕಾಫಿ ಕೊಟ್ಟಳು. ಅವರು ಹೋದ ಮೇಲೆ ಲೋಟ ತೊಳೆಯುತ್ತ, ನೀವು ನೋಡ್ತೀನಿ ಅಂದ್ರೆ ನೋಡ್ತಾನೇ ಇರ್ತೀರ ಎಂದು ಅವನಿಗೆ ಕೇಳುವಂತೆ ಹೇಳಿದಳು. ಅವಳು ದಿನವೂ ತರಗುಪೇಟೆಯ ಮಂಡಿಯೊಂದರಲ್ಲಿ ಬೇಳೆಯ ಕಲ್ಲು ಆರಿಸಿ ಬರುವವಳು; ಮಾತಿನಲ್ಲೂ ಕಲ್ಲನ್ನು ಬೇಗ ಹುಡುಕಿ ತೆಗೆಯುತ್ತಿದ್ದಳು.

ಉತ್ತರ ಬಂದದ್ದು ವರ್ಷದ ಕೊನೆಗೆ. ಗೌತಮಿ ಅದನ್ನು ನಲ್ಲಿಯ ಬಳಿ, ಕೊಡಗಳ ಸಾಲಿನ ಮಧ್ಯೆ ನಿಂತು ಓದಿದಳು. ಎಣಿಕೆಯ ಪ್ರಕಾರ ಕಟ್ಟೆಬೀದಿ ನಿಲ್ದಾಣದಲ್ಲಿ ದಿನವೊಂದಕ್ಕೆ ಆರು ಮಂದಿ ಮಾತ್ರ ಹತ್ತುತ್ತಾರೆ. ಆದರೂ ಅರ್ಜಿಯನ್ನು ಮನ್ನಿಸಿ ಜನವರಿ ಮೂರನೇ ವಾರ ಮೂರು ದಿನ ಮರು ಎಣಿಕೆ ಮಾಡಲಾಗುವುದು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸುಬ್ಬಮ್ಮ ನಕ್ಕಳು.

“ಆ ಆರು ಜನ ಯಾರು ಅಂತ ನಾನು ಹೇಳ್ತೀನಿ. ಬೆಳಗಾಗೋ ತನಕ ಅಂಗಡಿ ಜಗಲೀಲಿ ಬಿದ್ದಿದ್ದು, ಬಸ್ಸು ಬಂದ್ರೆ ಎದ್ದು ಹತ್ತೋರು. ನನ್ನ ಅಳಿಯಾನೂ ಒಬ್ಬ.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ, ಸರ್ಕಾರದ ಲೆಕ್ಕದಲ್ಲಿ ಕೇರಿಯಲ್ಲಿ ಇರುವುದು ಆ ಆರು ಕುಡುಕರು ಮಾತ್ರ ಎಂಬುದು ಒಬ್ಬೊಬ್ಬರಿಗೇ ಹೊಳೆಯಿತು. ಕೊಡ ತುಂಬಿ ಹರಿದುಹೋಗುತ್ತಿದ್ದರೂ ಯಾರೂ ಎತ್ತಲಿಲ್ಲ.

ನಲ್ಲಿಯ ವಿಷಯವನ್ನೇ ಬರೆದು ತಿಳಿಸೋಣ ಎಂದಳು ಗೌತಮಿ. ಅಂದು ರಾತ್ರಿಯ ಊಟಕ್ಕೆ ಮುಂಚೆ ಆಂಜಿನಯ್ಯ ಮನೆಗೆ ಬಂದ. ಖಾಕಿ ಅಂಗಿಯ ಗುಂಡಿ ಬಿಚ್ಚಿಕೊಂಡು ಹೊಸ್ತಿಲ ಮೇಲೇ ಕೂತ.

“ಬರೀಬೇಡ ಅಂತ ಹೇಳಲ್ಲ ಕಣಮ್ಮ. ಬರೆದ್ರೆ ನನ್ನ ಕೆಲಸ ಹೋಗುತ್ತೆ, ಅಷ್ಟೆ. ದಿನಕ್ಕೆ ನಾಲ್ಕು ಸಲ, ಹದಿನೇಳು ವರ್ಷ. ಲೆಕ್ಕ ಹಾಕು, ಎಷ್ಟು ತಪ್ಪಾಯ್ತು?”

“ಕೆಲಸ ಹೋಗಲ್ಲ ಮಾಮ. ಮೆಮೊ ಕೊಡ್ತಾರೇನೋ.”

“ನಿಮ್ಮಪ್ಪನ್ನ ಕೇಳು.”

ಎಲ್ಲರೂ ಲಕ್ಷ್ಮಯ್ಯನ ಕಡೆ ನೋಡಿದರು. ಹೋದರೂ ಹೋಗಬಹುದು ಎಂದ ಅವನು. ಅದು ಪೂರ್ತಿ ಸುಳ್ಳಾಗಿರಲಿಲ್ಲ.

ಹಾಗಾಗಿ ಉಳಿದದ್ದು ಒಂದೇ ದಾರಿ. ಮರು ಎಣಿಕೆಯ ಮೂರು ದಿನ ಎಲ್ಲರೂ ಫಲಕದ ಬಳಿ ನಿಲ್ಲಬೇಕು. ಆ ಮೂರು ದಿನ ಆಂಜಿನಯ್ಯ ನಲ್ಲಿಯ ಬಳಿ ಬಸ್ಸು ನಿಲ್ಲಿಸುವುದಿಲ್ಲ. ಮರುದಿನ ಮನೆಮನೆಗೂ ಹೋಗಿ ಕೇಳಿಬಂದು, ರಾತ್ರಿ ಊಟದಲ್ಲಿ ಗೌತಮಿ ಇದನ್ನು ಹೇಳುತ್ತಿದ್ದಂತೆ ಸಿದ್ದಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

“ನೀನು ನಿಂತ್ಕೊ. ನಿನ್ನ ಯಾರೂ ಹಿಡ್ಕೊಂಡಿಲ್ಲ.”

“ನೀನು ಬರದೆ ಯಾರೂ ಬರಲ್ಲ ಅಜ್ಜಿ. ಎಲ್ಲ ಮನೇಲೂ ಅದೇ ಹೇಳಿದ್ರು. ಸಿದ್ದಮ್ಮ ನಿಂತ್ರೆ ನಾವೂ ನಿಲ್ತೀವಿ ಅಂತ.”

“ಪಟದ ಮುಂದೆ ಕೊಟ್ಟ ಮಾತು ಮಗಾ ಅದು.”

“ಕುಡಿಯೋಕೆ ಕರೀತಿಲ್ವಲ್ಲ ಅಜ್ಜಿ. ನಿಲ್ಲೋಕೆ ತಾನೆ?”

“ನಿಮ್ಮ ತಾತಾನೂ ಮೊದಲ ದಿನ ಬರೀ ನಿಲ್ಲೋಕೇ ಹೋಗಿದ್ದು.”

ಆಮೇಲೆ ಎರಡು ವಾರ ಅಜ್ಜಿ ಮೊಮ್ಮಗಳು ಒಟ್ಟಿಗೆ ಕೂತು ಉಣ್ಣಲಿಲ್ಲ. ಗೌತಮಿ ಬೆಳಿಗ್ಗೆ ಅಜ್ಜಿಯ ತಲೆ ಬಾಚುವುದನ್ನು ಬಿಟ್ಟಳು. ಸಿದ್ದಮ್ಮ ತಾನೇ ಬೆರಳಿನಿಂದ ಸಿಕ್ಕು ಬಿಡಿಸಿಕೊಂಡು ಸಣ್ಣ ಗಂಟು ಹಾಕಿಕೊಳ್ಳುತ್ತಿದ್ದಳು. ಕಮಲಮ್ಮ ಅತ್ತೆಯ ಪರವೂ ಅಲ್ಲ, ಮಗಳ ಪರವೂ ಅಲ್ಲ ಎಂಬಂತೆ ಪಾತ್ರೆಗಳನ್ನು ಸದ್ದುಮಾಡಿ ಇಡುತ್ತಿದ್ದಳು. ಅವರೆಕಾಯಿಯ ಕಾಲ. ಬುಟ್ಟಿಯ ಮುಂದೆ ಮೂವರೂ ಕೂತು ಕಾಳು ಬಿಡಿಸುವಾಗ, ಸಿಪ್ಪೆ ಒಡೆಯುವ ಸದ್ದನ್ನು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಅವರೆಯ ಸೊಗಡು ಮಂಜಿನ ಜೊತೆ ಬಾಗಿಲಲ್ಲಿ ನಿಂತುಬಿಡುತ್ತಿತ್ತು. ಲಕ್ಷ್ಮಯ್ಯ ಪೇಪರು ಹಿಡಿದು ಒಂದೇ ಪುಟದಲ್ಲಿ ಕೂತಿರುತ್ತಿದ್ದ.

ಒಂದು ಸಂಜೆ ಕಮಲಮ್ಮ ಕೇಳಿದಳು. “ನಿಮ್ಮವ್ವಂಗೆ ನೀವಾದ್ರೂ ಒಂದು ಮಾತು ಹೇಳ್ಬಾರ್ದಾ?”

“ಏನು ಅಂತ ಹೇಳಲಿ?”

“ಅದನ್ನೂ ನಾನೇ ಹೇಳಿಕೊಡ್ಲಾ?”

ಮರುದಿನ ಅವನು ಚಕ್ರಪಾಣಿಯವರ ಕೋಣೆಗೆ ಹೋದ. ಹೇಳುವುದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ: ಸಾರ್, ಆ ಹಾಳೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಚಕ್ರಪಾಣಿಯವರು ಒಳ್ಳೆಯ ಮನುಷ್ಯ. ಕಟ್ಟೆಬೀದಿ ಎಂದೊಡನೆ ತಾವೇ ಮಾತು ಎತ್ತಿದರು. ಅರ್ಜಿ ಚೆನ್ನಾಗಿ ಬರೆದಿದ್ದಾರೆ, ಯಾವುದೋ ಹುಡುಗಿ, ಅದಕ್ಕೇ ಇನ್ನೊಂದು ಸಲ ಎಣಿಸಿ ಎಂದೆ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, “ನಿಮ್ಮ ಮನೆ ಅದೇ ಕಡೆಯೇನ್ರೀ?” ಎಂದು ಕೇಳಿದರು.

“ಅಲ್ಲೇ ಹತ್ತಿರ ಸಾರ್,” ಎಂದ ಲಕ್ಷ್ಮಯ್ಯ.

“ಹತ್ತಿರ ಅಂದ್ರೆ?”

“ಸ್ವಲ್ಪ ಹತ್ತಿರ.”

ಸರಿ ಎಂದು ಅವರು ಬೇರೆ ಕಾಗದ ಎಳೆದುಕೊಂಡರು. ಲಕ್ಷ್ಮಯ್ಯ ಹೊರಗೆ ಬಂದು, ನೀರಿನ ಹೂಜಿಯ ಪಕ್ಕ ನಿಂತು ಎರಡು ಲೋಟ ನೀರು ಕುಡಿದ.

ಮರು ಎಣಿಕೆಯ ಮೊದಲ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಎದುರು ಸಾಲಿನ ಮನೆಗಳೇ ಇರಲಿಲ್ಲ. ಕಚೇರಿಯಿಂದ ಬಂದ ರಾಮಾನುಜ ಎಂಬ ನಡುವಯಸ್ಸಿನ ಚೆಕ್ಕರು ಕಿವಿಗೆ ಮಫ್ಲರು ಸುತ್ತಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಫಲಕದ ಕೆಳಗೆ ಕೂತಿದ್ದ. ಗೌತಮಿ ನಿಂತಳು, ಅವಳ ಜೊತೆಯ ಇಬ್ಬರು ಹುಡುಗಿಯರು ನಿಂತರು, ಗಂಡಸರು ಹದಿನಾಲ್ಕು ಜನ. ಕಮಲಮ್ಮ ರಸ್ತೆಯ ಆ ಬದಿಯ ತನಕ ಬಂದು, ಎರಡು ಸಲ ಕಾಲು ಮುಂದಿಟ್ಟು ಹಿಂದಕ್ಕೆ ತೆಗೆದಳು. ಉಳಿದ ಹೆಂಗಸರು ಅಭ್ಯಾಸದ ಕಾಲು ಎಳೆದ ಕಡೆಗೆ, ನಲ್ಲಿಯ ಹತ್ತಿರಕ್ಕೆ ಹೋಗಿ ನಿಂತಿದ್ದರು. ಬಸ್ಸು ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ನಿಲ್ಲಬಹುದೆಂದು ನಿಂತಿದ್ದರು.

ಬೆಳಕು ಬಂತು, ಹಿಂದೆಯೇ ಬಸ್ಸು. ಫಲಕದ ಬಳಿ ನಿಂತು, ಹದಿನೇಳು ಜನರನ್ನು ಹತ್ತಿಸಿಕೊಂಡು ಹೊರಟಿತು. ತಿರುವು ದಾಟುವಾಗ ಆಂಜಿನಯ್ಯ ಕತ್ತು ಅಲುಗಿಸದೆ ಮುಂದೆ ನೋಡುತ್ತಿದ್ದ. ಬಸ್ಸು ನಲ್ಲಿಯನ್ನು ದಾಟಿತು. ಬುತ್ತಿಯ ಗಂಟು, ಪೊರಕೆ, ಹೂವಿನ ಬುಟ್ಟಿ ಹಿಡಿದ ಮೂವತ್ತು ನಲವತ್ತು ಹೆಂಗಸರ ಮುಖಗಳ ಮೇಲೆ ಬೆಳಕು ಒಂದೊಂದಾಗಿ ಬಿದ್ದು ಹೋಯಿತು. ಒಳಗಿದ್ದ ಗೌತಮಿ ಕಿಟಕಿಯಿಂದ ನೋಡಿದಳು: ಗುಂಪಿನ ಕೊನೆಯಲ್ಲಿ, ಎಲ್ಲಿಗೂ ಹೋಗಬೇಕಾಗಿಲ್ಲದಿದ್ದರೂ, ಅಜ್ಜಿ ನಿಂತಿದ್ದಳು.

ಅಂದು ಸಂಜೆ ಸಿದ್ದಮ್ಮ ತಾನಾಗಿಯೇ ಬಾಚಣಿಗೆ ತಂದು ಮೊಮ್ಮಗಳ ಮುಂದೆ ಕೂತಳು. ಗೌತಮಿ ಬಾಚತೊಡಗಿದಳು. ಸಿಕ್ಕೆಲ್ಲ ಬಿಟ್ಟ ಮೇಲೆ ಸಿದ್ದಮ್ಮ ಹೇಳಿದಳು.

“ಬಸ್ಸು ನಮ್ಮನ್ನ ನೋಡ್ತು. ನೋಡಿ ಹೋಯ್ತು.”

“ಆಂಜಿನಯ್ಯ ಮಾಮ ಏನು ಮಾಡ್ತಾರೆ ಅಜ್ಜಿ.”

“ಅವನನ್ನ ಅಂದಿಲ್ಲ.” ಕತ್ತು ಹಿಂದಕ್ಕೆ ತಿರುಗಿಸಿ ಕೇಳಿದಳು: “ಮೊದಲು ಎಣಿಸಿದೋರು ಯಾರು? ಆ ಆರು ಜನ ಅಂತ ಬರೆದೋರು?”

“ಯಾರೋ ದಿನಗೂಲಿಯೋರಂತೆ.”

“ಅವರ ಮೇಲೆ ಇನ್ನೊಬ್ಬ ಇರ್ತಾನಲ್ಲ, ನೋಡೋನು. ಅವನಿಗೂ ಕಣ್ಣಿರಲಿಲ್ವಾ? ಅವನ ಮನೇಲಿ ಹೆಂಗಸರು ಬಸ್ಸು ಹತ್ತಲ್ವಾ?”

ಲಕ್ಷ್ಮಯ್ಯ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದ. ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಕಾಲಿನಲ್ಲಿರುವಂತೆಯೇ ಹಾಗೇ ನಿಂತ. ಕಮಲಮ್ಮ ಒಳಗಿನಿಂದ ಕೈಕಾಲು ತೊಳ್ಕೊಳಿ, ಸಾರು ಆರುತ್ತೆ ಎಂದಳು. ಕೈಕಾಲು ತೊಳೆದುಕೊಂಡ.

ಎರಡನೇ ದಿನ ಸಿದ್ದಮ್ಮ ನಾಲ್ಕು ಗಂಟೆಗೇ ಎದ್ದು ತಣ್ಣೀರು ಹುಯ್ದುಕೊಂಡಳು. ಹುಣ್ಣಿಮೆಗೆ ಉಡುವ ಬಿಳಿ ಸೀರೆ ಉಟ್ಟಳು. ಪಟದ ಮುಂದೆ ಕೂತಳು, ಆದರೆ ದೀಪ ಹಚ್ಚಲಿಲ್ಲ. ಏನು ಹೇಳಿಕೊಂಡಳೋ ಯಾರಿಗೂ ಕೇಳಲಿಲ್ಲ. ಎದ್ದು, ಬಾಗಿಲು ತೆಗೆದು, ಮಂಜಿನೊಳಗೆ ಹೋದಳು. ನೀರಿನಲ್ಲಿ ನಡೆಯುವವಳಂತೆ ಒಂದೊಂದೇ ಹೆಜ್ಜೆ ಇಟ್ಟು ರಸ್ತೆಯನ್ನು ಅಡ್ಡ ದಾಟಿ ಜಗಲಿಯ ಮುಂದೆ ನಿಂತಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅದೇ ಮೊದಲು. ನಾರಾಯಣಮ್ಮ ಹಿಂದೆಯೇ ಬಂದಳು. ಸುಬ್ಬಮ್ಮ, ಕಮಲಮ್ಮ. ಆಮೇಲೆ ಸೀರೆಯ ಸದ್ದು, ಬಳೆಯ ಸದ್ದು ಬಂದು ಬಂದು ರಸ್ತೆಯ ಈ ಬದಿ ತುಂಬಿತು.

ಅಂಗಡಿಯ ಮುನಿಸ್ವಾಮಿ ಬಾಗಿಲು ತೆಗೆದವನು ಅಷ್ಟು ಹೆಂಗಸರನ್ನು ಕಂಡು ಒಳಗೆ ಓಡಿದ. ಹಿಂದಿನ ರಾತ್ರಿಯ ಲೋಟಗಳನ್ನು ಎತ್ತಿ ಬಚ್ಚಿಟ್ಟು, ಗೋಣಿಯ ಪರದೆ ಇಳಿಸಿ, ಒಂದು ಸ್ಟೂಲು ತಂದು ಸೊಂಟದ ಟವೆಲ್ಲಿನಿಂದ ಒರೆಸಿ ಇಟ್ಟ.

“ಕೂತ್ಕೊಳಿ ಸಿದ್ದಮ್ಮನೋರೆ.”

“ಕೂರೋಕೆ ಬಂದಿಲ್ಲ ಕಣಪ್ಪ. ನಿಲ್ಲೋಕೆ ಬಂದಿದೀನಿ.”

ರಾಮಾನುಜ ಮಫ್ಲರು ಸರಿಸಿ, ಪೆನ್ಸಿಲು ಚೂಪು ಮಾಡಿಕೊಂಡ.

ಲಕ್ಷ್ಮಯ್ಯ ದಿನವೂ ಹೋಗುತ್ತಿದ್ದುದು ಎರಡನೇ ಬಸ್ಸಿಗೆ. ಅಂದು ಮೊದಲ ಬಸ್ಸಿಗೇ ಹತ್ತಿದ. ತಾಯಿಯ ಪಕ್ಕದಲ್ಲಿ ಕೂತ. ಸಿದ್ದಮ್ಮ ಬಸ್ಸು ಹತ್ತಿ ಮೂರು ವರ್ಷವಾಗಿತ್ತು. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹೊರಗೆ ಏನೂ ಇರಲಿಲ್ಲ. ಬಿಳಿಯ ಒಳಗೆ ಒಮ್ಮೆ ರೈಲು ಗೇಟು, ಒಮ್ಮೆ ಹಾಲಿನ ಬೂತಿನ ದೀಪ ಬಂದು ಕರಗುತ್ತಿದ್ದವು. ಬಸ್ಸು ನೆಲ ಬಿಟ್ಟು ಹೋಗುತ್ತಿದೆಯೇನೋ ಅನ್ನಿಸುವಷ್ಟು ಸದ್ದು ಕಡಿಮೆಯಾಗಿತ್ತು. ಹೂವಿನ ಬುಟ್ಟಿಗಳಿಂದ ಸೇವಂತಿಗೆಯ ವಾಸನೆ.

“ಎಣಿಸಿದ್ರಾ ನನ್ನ?” ಎಂದಳು ಸಿದ್ದಮ್ಮ.

“ಎಣಿಸಿದ್ರು ಅವ್ವ.”

“ನೀನು ನೋಡಿದೆಯಾ?”

“ನೋಡಿದೆ. ನಿನಗೇ ಮೊದಲನೇ ಗೀಟು.”

ಅವಳು ತಲೆಯಾಡಿಸಿದಳು. ಸ್ವಲ್ಪ ದೂರ ಹೋದ ಮೇಲೆ, ನಿಮ್ಮಪ್ಪ ಇದ್ದಿದ್ರೆ ನಗ್ತಿದ್ದ, ಬಂದೆಯಲ್ಲ ಕೊನೆಗೂ ಅಂತ ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಕಿಟಕಿಯ ಬೆಳಕಿಗೆ ಸರಿಯಾಗಿ ಕಾಣಲಿಲ್ಲ. ಲಕ್ಷ್ಮಯ್ಯ ಅವಳ ಕಡೆ ತಿರುಗಿದ. ಬಾಯಿ ತೆರೆದ. ಕಂಡಕ್ಟರು ಟಿಕೀಟ್ ಎಂದ. ಅವನು ಜೇಬಿಗೆ ಕೈ ಹಾಕಿ ಎರಡು ಮಲ್ಲೇಶ್ವರ ಎಂದ, ತಾನು ಇಳಿಯಬೇಕಾದದ್ದು ಬಹಳ ಮುಂಚೆಯೇ ಆಗಿದ್ದರೂ.

ಮಲ್ಲೇಶ್ವರದಲ್ಲಿ ಮಂಜು ಸರಿದಿತ್ತು. ಗೌತಮಿ ಅಜ್ಜಿಯನ್ನು ಕೈಹಿಡಿದು ಇಳಿಸಿ ತನ್ನ ಕಾಲೇಜಿನ ಗೇಟಿನ ತನಕ ಕರೆದುಕೊಂಡು ಹೋದಳು. ಸಿದ್ದಮ್ಮ ಗೇಟನ್ನು ನೋಡಿದಳು, ಅದರ ಮೇಲಿನ ಬೋರ್ಡನ್ನು ನೋಡಿದಳು. ಇಷ್ಟು ದೂರ ದಿನಾ ಬರ್ತೀಯಾ ಎಂದು ಕೇಳಿದಳು. ಹೂಂ ಎಂದಳು ಗೌತಮಿ. ಬಾ ಹಾಗಾದ್ರೆ ಎಂದು ಹೇಳಿ, ಮಗನ ಭುಜ ಹಿಡಿದು ಅದೇ ಬಸ್ಸಿನಲ್ಲಿ ವಾಪಸು ಹೊರಟಳು.

ಆ ಬೆಳಿಗ್ಗೆ ಒಂದೇ ಬಸ್ಸಿಗೆ ಐವತ್ತೆಂಟು ಗೀಟು. ಮೂರನೇ ದಿನ ಅರವತ್ತೊಂದು. ಜನವರಿ ಮುಗಿಯುವ ಮೊದಲೇ ಆದೇಶ ಬಂತು: ಕಟ್ಟೆಬೀದಿಯ ಬಸ್ಸು ಮುಂದುವರಿಯುತ್ತದೆ. ಮೊದಲ ಎಣಿಕೆ ಹೇಗೆ ತಪ್ಪಿತೆಂದು ಚಕ್ರಪಾಣಿಯವರು ವಿಚಾರಿಸಿದರು. ಕೂತಲ್ಲೇ ಗೀಟು ಎಳೆದಿರಬೇಕು ಎಂದ ವರದರಾಜ. ದಿನಗೂಲಿಯ ಆ ಇಬ್ಬರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಲಕ್ಷ್ಮಯ್ಯ ತನ್ನ ಮೇಜಿನಲ್ಲಿ ತಲೆಬಗ್ಗಿಸಿ ಬೇರೆ ಯಾವುದೋ ಮಾರ್ಗದ ಗೀಟುಗಳನ್ನು ಕೂಡಿಸುತ್ತಿದ್ದ. ಎರಡು ಸಲ ಕೂಡಿಸಿದಾಗ ಎರಡು ಮೊತ್ತ ಬಂತು.

ಗೌತಮಿ ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದಳು. ಮರುವರ್ಷ ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದ ದಿನ ಕಮಲಮ್ಮ ಪಾಯಸ ಮಾಡಿ, ಕೇರಿಗೆಲ್ಲ ಲೋಟ ಲೋಟ ಹಂಚ್ತೀನಿ, ಬೇಡ ಅನ್ನಬೇಡಿ ಎಂದು ಗಂಡನಿಗೆ ಮೊದಲೇ ಹೇಳಿಟ್ಟಿದ್ದಳು. ಅವನು ಬೇಡವೆನ್ನಲಿಲ್ಲ.

ಬಸ್ಸಿಗೆಂದು ಹೆಂಗಸರು ಮತ್ತೆ ನಲ್ಲಿಯ ಬಳಿಗೆ ಹೋಗಲಿಲ್ಲ. ಮಾರ್ಗದ ಮೇಲೆ ಈಗ ಕಚೇರಿಯ ಕಣ್ಣಿತ್ತು, ಆಂಜಿನಯ್ಯ ಇನ್ನು ಅಲ್ಲಿ ನಿಲ್ಲಿಸುವಂತಿರಲಿಲ್ಲ. ಫಲಕದ ಬಳಿಯೇ ನಿಂತರು. ಕೆಲವು ತಿಂಗಳಲ್ಲಿ ಅದೂ ಅಭ್ಯಾಸವಾಯಿತು. ಮಳೆ ಬಂದ ದಿನ ಹುಡುಗಿಯರು ಸೂರಿನಡಿಗೂ ಸರಿದು ನಿಂತರು.

ಸಿದ್ದಮ್ಮ ಆಮೇಲೆ ಐದು ವರ್ಷ ಬದುಕಿದ್ದಳು. ಹುಣ್ಣಿಮೆಗಳಲ್ಲಿ ಕೇರಿಯವರು ಪಟದ ಮುಂದೆ ಸೇರಿದಾಗ ಮೊದಲ ಸಾಲಿನಲ್ಲಿ ಕೂರುತ್ತಿದ್ದವಳು ಈಗ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಕಡೆ ಕೂರುತ್ತಿದ್ದಳು. ಮುಂದೆ ಬಾ ಅಜ್ಜಿ ಎಂದು ಗೌತಮಿ ಕೈಹಿಡಿದು ಎಳೆದಳು. ಕಮಲಮ್ಮ ರೇಗಿದಳು. ನಾರಾಯಣಮ್ಮ, ನಾನೂ ನಿನ್ನ ಜೊತೆ ನಿಂತೋಳೇ, ನಾನು ಮುಂದೆ ಕೂತಿಲ್ವಾ ಎಂದು ವಾದ ಮಾಡಿದಳು. ಸಿದ್ದಮ್ಮ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು. ಬೇಸರವಿಲ್ಲದೆ, ಬೇರೆ ಯಾರದೋ ವಿಷಯ ಹೇಳುವವಳಂತೆ ಹೇಳುತ್ತಿದ್ದಳು.

“ನಿಂತಿದ್ದು ತಪ್ಪಲ್ಲ. ಬೇರೆ ದಾರಿ ಇರಲಿಲ್ಲ. ಆದ್ರೂ ಮಾತು ಮುರಿದೋಳು ನಾನೇ. ಇಲ್ಲೇ ಇರ್ಲಿ ಬಿಡು.”

ಲಕ್ಷ್ಮಯ್ಯ ಅವಳ ಪಕ್ಕದಲ್ಲೇ ಕೂರುತ್ತಿದ್ದ. ಬೇರೆ ದಾರಿಯೊಂದು ಇತ್ತೆಂದು, ಅದು ನವೆಂಬರಿನಲ್ಲೇ ತನ್ನ ಕೈಯಲ್ಲಿತ್ತೆಂದು ಅವನು ತಾಯಿಗೆ ಹೇಳಲಿಲ್ಲ.